ನಿಲ್ಲಿಸಿಟ್ಟ ಬೈಕಿಗೆ ನೀರು ಎಲ್ಲಿಂದ ಬಂತು?

ಬೀದರಿನ ಡಿಸೆಂಬರ್ ಅಂದರೆ ರಾತ್ರಿ ಕೊರೆಯುವ ಚಳಿ, ಬೆಳಗಾದರೆ ಚುರುಕು ಬಿಸಿಲು. ತಣ್ಣಗಾದ ಟ್ಯಾಂಕಿಗೆ, ಎಂಜಿನ್ನಿಗೆ ಬೆಚ್ಚಗಿನ ಗಾಳಿ ತಾಗಿದರೆ ಹನಿ ಕಟ್ಟುತ್ತದೆ. ಅಪ್ಪನ ಹಳೆ ಬೈಕಿನ ಕವರ್ ಎತ್ತಿದರೆ ಒಳಮೈ ತುಂಬ ನೀರು, ಚೈನಿನ ಮೇಲೆ ಕೆಂಪು ತುಕ್ಕು.

"ಮೊದಲ ಈ ಪ್ಲಾಸ್ಟಿಕ್ ತೆಗೀರಿ ಅಣ್ಣಾ, ಗಾಳಿ ಆಡ್ಲಿ" ಅಂದ ಮೆಕ್ಯಾನಿಕ್. ಹಳೆ ಹತ್ತಿ ಚಾದರ ಹೊದಿಸಿದೆ. ಶಹಾಬಾದ್ ಕಲ್ಲಿನ ನೆಲ ತಂಪು, ಹಾಗಾಗಿ ಗಾಲಿಯ ಕೆಳಗೆ ಹಲಗೆ.

ದೊಡ್ಡ ತಲೆನೋವು ಟ್ಯಾಂಕಿನದು. ಅರ್ಧ ಖಾಲಿ ಇದ್ದರೆ ಉಳಿದ ಜಾಗದಲ್ಲಿ ಗಾಳಿ, ಗಾಳಿಯಲ್ಲಿ ತೇವ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೇರೆ. ಅದು ನೀರು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನ ಸಮೇತ ತಳಕ್ಕೆ ಇಳಿಯುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಡ್ರೇನ್ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದೆ. ಪೆಟ್ರೋಲಿನ ಅಡಿಯಲ್ಲಿ ಬೇರೆಯೇ ಪದರ, ನಡುವೆ ಗೆರೆ ಎಳೆದಂತೆ. ಟ್ಯಾಂಕ್ ಬರಿದು ಮಾಡಿ ಹೊಸ ಪೆಟ್ರೋಲ್ ಫುಲ್ ಮಾಡಿಸಿದೆ.

ದಿನಾ ಎರಡು ನಿಮಿಷ ಸ್ಟಾರ್ಟ್ ಮಾಡಿಡಿ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಪೆಟ್ರೋಲ್ ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎರಡೇ ನಿಮಿಷದಲ್ಲಿ ಸೈಲೆನ್ಸರ್ ಸರಿಯಾಗಿ ಬಿಸಿಯಾಗದಿದ್ದರೆ ಅದು ಅಲ್ಲೇ ನೀರಾಗಿ ಕೂತು ಒಳಗಿಂದ ತಿನ್ನುತ್ತದೆ. ವಾರಕ್ಕೊಮ್ಮೆ ಭಾಲ್ಕಿ ರಸ್ತೆಯಲ್ಲಿ ಅರ್ಧ ತಾಸು ಓಡಿಸಿ, ಚೈನ್ ಬಿಸಿ ಇರುವಾಗಲೇ ಎಣ್ಣೆ ಹಚ್ಚಿ, ಎಂಜಿನ್ ಪೂರ್ತಿ ಆರಿದ ಮೇಲೆ ಚಾದರ ಹೊದಿಸುತ್ತೇನೆ.