ಕೈರೋಪ್ರಾಕ್ಟರ್ ಹತ್ತಿರ ಹೋಗುವ ಮುಂಚೆ

ಕೈರೋಪ್ರಾಕ್ಟರ್ ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಚಿಕಿತ್ಸೆ ಕೊಡುವವರು. ಅವರು ಬೆನ್ನು ಒತ್ತಿದಾಗ ‘ಲಟಕ್’ ಅಂದರೆ ಸರಿದ ಮೂಳೆ ಜಾಗಕ್ಕೆ ಕೂತಿತು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಕೀಲಿನ ದ್ರವದಲ್ಲಿ ಒತ್ತಡ ಇಳಿದು ಅನಿಲದ ಗುಳ್ಳೆ ಉಂಟಾಗುವಾಗಿನ ಸದ್ದು ಅದು. ಬೆರಳಿನ ನೆಟಿಗೆ ತೆಗೆದಾಗ ಬರುವುದೂ ಅದೇ.

1895ರಲ್ಲಿ ಅಮೆರಿಕದಲ್ಲಿ ಡಿ.ಡಿ. ಪಾಮರ್ ಅನ್ನುವವರು ಶುರುಮಾಡಿದ ಚಿಕಿತ್ಸಾ ಪದ್ಧತಿ ಇದು. ಸೊಂಟನೋವಿಗೆ ಒಂದಿಷ್ಟು ಉಪಯೋಗ ಇದೆ, ಹೆಚ್ಚುಕಡಿಮೆ ವ್ಯಾಯಾಮ, ಫಿಸಿಯೋಥೆರಪಿಯಷ್ಟೇ. ಅಸ್ತಮಾ, ಸಕ್ಕರೆ ಕಾಯಿಲೆಯನ್ನೂ ವಾಸಿ ಮಾಡ್ತೀನಿ ಅಂದರೆ ಎದ್ದು ಬನ್ನಿ.

ಒಳ್ಳೆಯವರು ಮೊದಲು ಕೈ ಹಾಕುವುದಿಲ್ಲ, ಪ್ರಶ್ನೆ ಕೇಳುತ್ತಾರೆ: ಹಿಂದಿನ ಪೆಟ್ಟು, ಆಪರೇಷನ್, ಮೂಳೆ ಸವಕಲು, ರಕ್ತ ತೆಳುವಾಗಿಸುವ ಮಾತ್ರೆ. ಕಾಲಿನ ಶಕ್ತಿ, ಸ್ಪರ್ಶ ಪರೀಕ್ಷಿಸುತ್ತಾರೆ. ಬಂದವರಿಗೆಲ್ಲ ಎಕ್ಸ್‌ರೇ ಬರೆಯುವುದಿಲ್ಲ. ತಿಂಗಳುಗಟ್ಟಲೆಯ ಪ್ಯಾಕೇಜಿಗೆ ಮುಂಗಡ ಕಟ್ಟಿ ಅಂದರೆ ನಾನಂತೂ ಒಪ್ಪಲ್ಲ. ಕೆಲವು ವಾರಗಳಲ್ಲಿ ಗುಣ ಕಾಣದಿದ್ದರೆ ಮುಂದೇನು ಅಂತ ಮೊದಲೇ ಕೇಳಿಬಿಡಿ. ಲೈಸೆನ್ಸ್, ಓದಿದ್ದು ಎಲ್ಲಿ ಅನ್ನುವುದನ್ನೂ ಕೇಳಿ, ಸಂಕೋಚ ಬೇಡ.

ಕುತ್ತಿಗೆ ವಿಷಯದಲ್ಲಿ ಹುಷಾರು. ಝಟ್ಟನೆ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳು ವರದಿಯಾಗಿವೆ. ಅಪರೂಪ, ನಿಜ. ಆದರೂ ‘ಕುತ್ತಿಗೆ ತಿರುಗಿಸಬೇಡಿ’ ಅನ್ನುವ ಹಕ್ಕು ನಿಮಗಿದೆ.

ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲು ಸೋಲುವುದು ಇದ್ದರೆ ಕೈರೋಪ್ರಾಕ್ಟರ್ ಬೇಡವೇ ಬೇಡ, ತಕ್ಷಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಕೂಡ ಮೊದಲು ವೈದ್ಯರಿಗೆ ತೋರಿಸಿ.