ಹಳೇ ಪಿಕಪ್‌ನ ಸ್ಪೀಡೋಮೀಟರ್ ನಿಂತಿದೆಯಾ? ಮೊದಲು ಓಡೋಮೀಟರ್ ನೋಡಿ

ಮುಳ್ಳು ಸೊನ್ನೆ ಬಿಟ್ಟು ಏಳ್ತಿಲ್ಲ ಅಂತ ಹೊಸ ಮೀಟರ್ ತರೋಕೆ ಓಡಬೇಡಿ. ಹಳೇ ಪಿಕಪ್‌ಗಳಲ್ಲಿ ಎಷ್ಟೋ ಸಲ ಮೀಟರ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ವೇಗ ತಲುಪಿಸುವ ಕೇಬಲ್ಲೋ ಸೆನ್ಸರ್ರೋ ಕೈಕೊಟ್ಟಿರುತ್ತದೆ. ಡ್ಯಾಶ್‌ಬೋರ್ಡ್ ಬಿಚ್ಚುವ ಮೊದಲು ಗಾಡಿಯನ್ನು ಒಂದೆರಡು ಕಿಲೋಮೀಟರ್ ಓಡಿಸಿ. ಓಡೋಮೀಟರ್ (ಗಾಡಿ ಒಟ್ಟು ಎಷ್ಟು ಕಿಲೋಮೀಟರ್ ಓಡಿದೆ ಅಂತ ತೋರಿಸುವ ಅಂಕಿ) ಮುಂದೆ ಹೋಗ್ತಿದೆಯಾ ಅಂತ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮುಳ್ಳು, ಓಡೋಮೀಟರ್ ಎರಡೂ ಸತ್ತಿದ್ದರೆ ಮೀಟರ್‌ಗೆ ವೇಗದ ಸುದ್ದಿಯೇ ಬರ್ತಿಲ್ಲ ಅಂತ ಅನುಮಾನ ಪಡಿ. ಓಡೋಮೀಟರ್ ಓಡುತ್ತಿದ್ದು ಮುಳ್ಳು ಮಾತ್ರ ಬಿದ್ದಿದ್ದರೆ ತೊಂದರೆ ಮೀಟರ್ ಒಳಗೆ. ಮುಳ್ಳು ಸರಿಯಾಗಿದ್ದು ಕಿಲೋಮೀಟರ್ ಅಂಕಿ ಮಾತ್ರ ನಿಂತಿದ್ದರೆ ಓಡೋಮೀಟರ್‌ನ ಸಣ್ಣ ಪ್ಲಾಸ್ಟಿಕ್ ಗೇರ್ ಒಡೆದಿರಬಹುದು, ಆಗ ಕೇಬಲ್ ಮುಟ್ಟುವ ಕೆಲಸವೇ ಇಲ್ಲ.

ಮುಂದೆ, ನಿಮ್ಮದು ಕೇಬಲ್ ಗಾಡಿಯೋ ಸೆನ್ಸರ್ ಗಾಡಿಯೋ ನೋಡಿಕೊಳ್ಳಿ. ಗೇರ್‌ಬಾಕ್ಸ್‌ನ ಹಿಂಭಾಗಕ್ಕೆ (ಫೋರ್ ವೀಲ್ ಡ್ರೈವ್ ಆದರೆ ಸಾಮಾನ್ಯವಾಗಿ ಟ್ರಾನ್ಸ್‌ಫರ್ ಕೇಸ್‌ಗೆ, ಅಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಗೆ) ದಪ್ಪ ಕಪ್ಪು ಕೊಳವೆ ಬಂದು ಸೇರಿದ್ದರೆ ಅದು ಕೇಬಲ್, ಎರಡು ಮೂರು ವೈರಿನ ಪ್ಲಗ್ ಇದ್ದರೆ ಸೆನ್ಸರ್. ಆದರೆ 1992ರಿಂದ 1996ರವರೆಗಿನ ಫೋರ್ಡ್ ಎಫ್-150 ಗಾಡಿಗಳಲ್ಲಿ ಸೆನ್ಸರ್ ಇರುವುದು ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ (ಎರಡೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಉಬ್ಬು ಪೆಟ್ಟಿಗೆ) ಮೇಲೆ. ಅದು ಗೊತ್ತಿಲ್ಲದೆ ಗೇರ್‌ಬಾಕ್ಸ್ ಸುತ್ತ ಹುಡುಕುತ್ತಾ ಮಲಗಬೇಡಿ.

ಕೇಬಲ್ ಆದರೆ ಮೀಟರ್ ಹಿಂದಿನ ತುದಿ ಬಿಚ್ಚಿ ಒಳಗಿನ ತಂತಿ ಎಳೆಯಿರಿ. ಕೆಲವು ಕೇಬಲ್‌ಗಳಲ್ಲಿ ಅದು ಮೇಲಿನಿಂದ ಬರಲ್ಲ, ಕೆಳಗಿನ ತುದಿಯನ್ನೂ ಬಿಚ್ಚಬೇಕು. ಅರ್ಧ ತಂತಿ ಮಾತ್ರ ಕೈಗೆ ಬಂದರೆ ತುಂಡಾಗಿದೆ, ಮುಗೀತು. ಪೂರ್ತಿ ಬಂದರೆ ಎರಡೂ ತುದಿ ನೋಡಿ. ಆ ಚೌಕಾಕಾರದ ತುದಿಯ ಮೂಲೆಗಳು ಸವೆದು ದುಂಡಗಾಗಿದ್ದರೆ ತಂತಿ ತಿರುಗಿದರೂ ಮೀಟರ್ ತಿರುಗಲ್ಲ, ಮೇಲ್ನೋಟಕ್ಕೆ ಎಲ್ಲಾ ಸರಿ ಇರುವ ಹಾಗೇ ಕಾಣುತ್ತದೆ. ತಂತಿಯನ್ನು ನೆಲದ ಮೇಲೆ ನೇರವಾಗಿ ಹಾಸಿ ಬೆರಳಲ್ಲಿ ನಿಧಾನಕ್ಕೆ ಉರುಳಿಸಿ. ಒಂದು ಕಡೆ ಎಗರಿ ಎಗರಿ ಬಿದ್ದರೆ ಅಲ್ಲಿ ಬಾಗಿದೆ ಅಂತ ಅರ್ಥ. ಮುಳ್ಳು ನಡುಗುವುದಕ್ಕೆ, ಡ್ಯಾಶ್‌ಬೋರ್ಡ್ ಒಳಗಿಂದ ಕಿರ್ ಕಿರ್ ಸದ್ದು ಬರುವುದಕ್ಕೆ ಆ ಬಾಗು ಅಥವಾ ಒಣಗಿದ ಕೇಬಲ್ಲೇ ಕಾರಣ.

ಮೀಟರ್ ಸರಿ ಇದೆಯಾ ಅಂತ ತಿಳಿಯಲು ಒಂದು ಚಿಕ್ಕ ತಂತಿ ತುಂಡನ್ನು ಮೀಟರ್ ಹಿಂದೆ ಸಿಕ್ಕಿಸಿ ಬೆರಳಲ್ಲಿ ಚುರುಕಾಗಿ ತಿರುಗಿಸಿ. ಮುಳ್ಳು ಸ್ವಲ್ಪ ಎದ್ದು ಮತ್ತೆ ಸೊನ್ನೆಗೆ ಬರಬೇಕು. ಡ್ರಿಲ್ ಮೆಷಿನ್‌ನಲ್ಲೂ ತಿರುಗಿಸಬಹುದು, ಆದರೆ ಕೇಬಲ್ ಯಾವ ದಿಕ್ಕಿಗೆ ತಿರುಗುತ್ತದೋ ಅದೇ ದಿಕ್ಕಿಗೆ, ನಿಧಾನಕ್ಕೆ. ಜಪಾನಿನ ಹಳೇ ಮೀಟರ್‌ಗಳಲ್ಲಿ ನಿಮಿಷಕ್ಕೆ 637 ಸುತ್ತು ಅಂದರೆ 60 ಕಿ.ಮೀ. ವೇಗ, ಅಮೆರಿಕದವುಗಳಲ್ಲಿ ಸಾಮಾನ್ಯವಾಗಿ 1000 ಸುತ್ತಿಗೆ 60 ಮೈಲಿ. ಒಳಗೆ ಒಂದು ಆಯಸ್ಕಾಂತ ತಿರುಗುತ್ತದೆ, ಅದು ಮುಟ್ಟದೆಯೇ ಪಕ್ಕದ ಅಲ್ಯೂಮಿನಿಯಂ ಬಟ್ಟಲನ್ನು ಎಳೆಯುತ್ತದೆ, ಕೂದಲಿನಂಥ ಸ್ಪ್ರಿಂಗ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿಗೆ ಗ್ರೀಸ್ ಇಳಿದರೆ ಬಟ್ಟಲು ಆಯಸ್ಕಾಂತಕ್ಕೆ ಅಂಟಿಕೊಂಡು ಮುಳ್ಳು ಸೀದಾ ಕೊನೆಗೆ ಹೋಗಿ ನಿಲ್ಲಬಹುದು. ಹಾಗಾಗಿ ಕೇಬಲ್‌ಗೆ ಗ್ರೀಸ್ ತೆಳ್ಳಗೆ ಸವರಿ, ಮೀಟರ್ ಕಡೆಯ ಒಂದು ಗೇಣು ಒಣಗಿಯೇ ಇರಲಿ. ದಯವಿಟ್ಟು ಇದನ್ನು ಮರೀಬೇಡಿ, ಚೆನ್ನಾಗಿರೋ ಮೀಟರ್ ಸುಮ್ನೆ ಹಾಳಾಗುತ್ತದೆ.

ಕೇಬಲ್, ಮೀಟರ್ ಎರಡೂ ಸರಿ ಇದ್ದರೆ ಕೇಬಲ್ ಕೆಳಗಿನ ತುದಿಯ ಪ್ಲಾಸ್ಟಿಕ್ ಗೇರ್ ಹೊರತೆಗೆಯಿರಿ. ಹಲ್ಲು ಸವೆದಿದ್ದರೆ ಬದಲಿಸಿ. ಹೊಸದು ತರುವಾಗ ಹಲ್ಲು ಎಣಿಸಿಕೊಳ್ಳಿ, ಒಂದು ಹೆಚ್ಚುಕಮ್ಮಿ ಆದರೂ ವೇಗ ತಪ್ಪು ತೋರಿಸುತ್ತದೆ. ಕೇಬಲ್ ಒಳಗೆ ಗೇರ್ ಆಯಿಲ್ ಏರಿದ್ದರೆ ಅಲ್ಲಿನ ಸೀಲ್ ಮತ್ತು ಓ-ರಿಂಗ್ ಕೂಡ ಹಾಕಿ.

ಸೆನ್ಸರ್ ಗಾಡಿಯಲ್ಲಿ ಮೊದಲು ಫ್ಯೂಸ್, ಆಮೇಲೆ ಪ್ಲಗ್. ಪಿನ್ ಹಸಿರು ಕಟ್ಟಿದೆಯಾ, ವೈರ್ ಸೈಲೆನ್ಸರ್ ಪೈಪಿಗೆ ತಾಗಿ ಸುಟ್ಟಿದೆಯಾ ನೋಡಿ. ಅಮೆರಿಕದಲ್ಲಿ 1996ರಿಂದ ಓಬಿಡಿ-2 (ಗಾಡಿಯ ಕಂಪ್ಯೂಟರ್ ದೋಷವನ್ನು ಸ್ಕ್ಯಾನರ್‌ಗೆ ತಿಳಿಸುವ ವ್ಯವಸ್ಥೆ) ಕಡ್ಡಾಯ. ಅಂಥ ಗಾಡಿಗೆ ಸ್ಕ್ಯಾನರ್ ಹಾಕಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಓಡಿಸಿ. ಸ್ಕ್ಯಾನರ್ ವೇಗ ತೋರಿಸುತ್ತಿದ್ದು ಮುಳ್ಳು ಸುಮ್ಮನಿದ್ದರೆ ಸೆನ್ಸರ್ ಸರಿ ಇದೆ ಅಂತಲೇ ಲೆಕ್ಕ, ಮೀಟರ್ ಅಥವಾ ಅದಕ್ಕೆ ಹೋಗುವ ವೈರ್ ನೋಡಿ. ಸ್ಕ್ಯಾನರ್‌ನಲ್ಲೂ ಸೊನ್ನೆ, ಜೊತೆಗೆ ಪಿ0500 ಕೋಡ್ (ವೇಗದ ಸೆನ್ಸರ್‌ನ ದೋಷ ಹೇಳುವ ಸಂಕೇತ), ಕ್ರೂಸ್ ಕಂಟ್ರೋಲ್ (ವೇಗ ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ) ಹಿಡೀತಿಲ್ಲ ಅಂದರೆ ಸೆನ್ಸರ್ ಕಡೆಗೇ ಹೋಗಿ.

ಎರಡು ವೈರಿನ ಸೆನ್ಸರ್‌ಗೆ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ, ಏನೂ ತೋರಿಸದೆ ಓಪನ್ ಅಂದರೆ ಒಳಗಿನ ಕಾಯಿಲ್ ಹೋಗಿದೆ. ಮೂರು ವೈರಿನದ್ದಕ್ಕೆ ಕೀ ಆನ್ ಮಾಡಿ ಒಂದರಲ್ಲಿ ಸಪ್ಲೈ, ಒಂದರಲ್ಲಿ ಅರ್ಥ್ ಇದೆಯಾ ನೋಡಿ, ನಂತರ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದಾಗ ಮೂರನೆಯದರಲ್ಲಿ ವೋಲ್ಟ್ ಏರಿ ಇಳಿಯಬೇಕು. ಇದಕ್ಕೆ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಸೆನ್ಸರ್ ಬಿಚ್ಚಿದಾಗ ತುದಿಗೆ ಕಬ್ಬಿಣದ ಪುಡಿ ಮೆತ್ತಿದ್ದರೆ ಒರೆಸಿ ಹಾಕಿ ನೋಡಿ, ಕೆಲವೊಮ್ಮೆ ಅಷ್ಟೇ ಸಾಕು.

ಸಿಗ್ನಲ್ ಮೀಟರ್‌ವರೆಗೂ ಬರ್ತಿದ್ದರೆ ಉಳಿದದ್ದು ಮೀಟರ್ ಒಳಗಿನ ಮೋಟಾರ್ ಅಥವಾ ಬಿಟ್ಟುಹೋದ ಬೆಸುಗೆ. 2003ರಿಂದ 2006ರ ಷೆವ್ರೊಲೆ ಸಿಲ್ವರಾಡೋದಲ್ಲಿ ಮುಳ್ಳು ತಿರುಗಿಸುವ ಸ್ಟೆಪ್ಪರ್ ಮೋಟಾರ್ ಕೆಡುವುದು ಎಲ್ಲರಿಗೂ ಗೊತ್ತಿರುವ ದೋಷ, ಪೂರ್ತಿ ಮೀಟರ್ ಬದಲಿಸದೆ ಮೋಟಾರ್ ಮಾತ್ರ ಹಾಕಿಸಬಹುದು.

ರಿಪೇರಿ ಆದಮೇಲೆ ಜಿಪಿಎಸ್ ಜೊತೆ ಹೋಲಿಸಿ. ಮುಳ್ಳು ಏಳುತ್ತದೆ, ಆದರೆ ಎಲ್ಲಾ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪು ಅಂದರೆ ಯಾರೋ ಹಿಂದೆ ದೊಡ್ಡ ಟೈರ್ ಹಾಕಿದ್ದಾರಾ, ಆಕ್ಸಲ್ ಗೇರ್ ಬದಲಿಸಿದ್ದಾರಾ ವಿಚಾರಿಸಿ.