ಗೊತ್ತಿರುವ ಕನ್ನಡದಿಂದಲೇ ಇಂಗ್ಲಿಷ್ ಪುನರಾವರ್ತನೆ: ನನ್ನ ಅನುಭವ

ಚಿಂತಾಮಣಿ, ಶ್ರೀನಿವಾಸಪುರ ಕಡೆಯ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆ ಅಲಂಕಾರಗಳು ಹೊಸದಲ್ಲ. ಉಪಮೆ, ರೂಪಕ, ಅತಿಶಯೋಕ್ತಿ ಎಲ್ಲವನ್ನೂ ಕನ್ನಡ ಪೀರಿಯಡ್‌ನಲ್ಲಿ ಲಕ್ಷಣ ಸಮೇತ ಒಪ್ಪಿಸುತ್ತಾರೆ. ಅದೇ ಮಕ್ಕಳು ಮುಂದಿನ ಪೀರಿಯಡ್‌ನಲ್ಲಿ ಸಿಮಿಲಿ, ಮೆಟಫರ್ ಅಂದ ಕೂಡಲೇ ಮಂಕಾಗುತ್ತಾರೆ. ಹಾಗಾಗಿ ಪುನರಾವರ್ತನೆಯನ್ನು ನಾನು ಇಂಗ್ಲಿಷ್ ವ್ಯಾಖ್ಯೆಯಿಂದ ಶುರು ಮಾಡುವುದಿಲ್ಲ. ನಲವತ್ತು ನಿಮಿಷದ ಹನ್ನೆರಡು ಪೀರಿಯಡ್ ಇಟ್ಟುಕೊಳ್ಳುತ್ತೇನೆ. ನಾಲ್ಕು ಅಲಂಕಾರಕ್ಕೆ, ಎಂಟು ವ್ಯಾಕರಣಕ್ಕೆ.

ಮೊದಲ ದಿನ ಬೋರ್ಡಿನ ಮೇಲೆ ಒಂದೇ ವಾಕ್ಯ: ‘ರೇಷ್ಮೆಗೂಡು ಬಂಗಾರದ ಹಾಗೆ ಹೊಳೆಯುತ್ತದೆ.’ ಉಪಮೇಯ ಗೂಡು, ಉಪಮಾನ ಬಂಗಾರ, ಉಪಮಾವಾಚಕ ‘ಹಾಗೆ’, ಸಮಾನಧರ್ಮ ಹೊಳೆಯುವುದು. ಇಷ್ಟನ್ನು ಮಕ್ಕಳೇ ಹೇಳುತ್ತಾರೆ. ಅದರ ಕೆಳಗೆ ‘ದಿ ಕಕೂನ್ ಶೈನ್ಸ್ ಲೈಕ್ ಗೋಲ್ಡ್’ ಎಂದು ಬರೆದು ನಾಲ್ಕು ಗೆರೆ ಎಳೆದರೆ ಸಿಮಿಲಿ ಮುಗಿಯಿತು. ‘ಶೈನ್ಸ್ ಲೈಕ್’ ಅಳಿಸಿ ‘ದಿ ಕಕೂನ್ ಈಸ್ ಗೋಲ್ಡ್’ ಮಾಡಿದರೆ ಮೆಟಫರ್, ಅಂದರೆ ಗೂಡೇ ಬಂಗಾರ.

ತಪ್ಪು ಆಗುವುದು ಇದರ ನಂತರ. ‘ಲೈಕ್’, ‘ಆಸ್’ ಕಂಡಲ್ಲೆಲ್ಲ ಸಿಮಿಲಿ ಎಂದು ಬರೆದುಬಿಡುತ್ತಾರೆ. ‘ಐ ಲೈಕ್ ಮ್ಯಾಂಗೋಸ್’ನಲ್ಲಿ ಲೈಕ್ ಕ್ರಿಯಾಪದ. ‘ಷಿ ವರ್ಕ್ಸ್ ಆಸ್ ಎ ನರ್ಸ್’ನಲ್ಲಿ ಹೋಲಿಕೆಯೇ ಇಲ್ಲ, ಅದು ಅವಳ ಕೆಲಸ. ‘ರವಿ ಈಸ್ ಆಸ್ ಟಾಲ್ ಆಸ್ ಹಿಸ್ ಬ್ರದರ್’ನಲ್ಲಿ ಹೋಲಿಕೆ ಇದೆ, ಆದರೆ ಇಬ್ಬರೂ ಮನುಷ್ಯರು, ಬರೀ ಅಳತೆ. ಅದಕ್ಕೇ ಎರಡು ಪ್ರಶ್ನೆ ಕೇಳಿಸುತ್ತೇನೆ: ಹೋಲಿಕೆ ಇದೆಯೇ? ಹೋಲಿಸಿದ ಎರಡು ವಸ್ತು ಬೇರೆ ಬೇರೆ ಜಾತಿಯವೇ? ಎರಡಕ್ಕೂ ಹೌದು ಬಂದರೆ ಮಾತ್ರ ಸಿಮಿಲಿ.

ಹೈಪರ್‌ಬೊಲಿಗೆ ಉತ್ಪ್ರೇಕ್ಷೆ ಎಂದು ಹೇಳಿಕೊಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಡುಮಾತಿನಲ್ಲಿ ಉತ್ಪ್ರೇಕ್ಷೆ ಅಂದರೆ ಹೆಚ್ಚು ಮಾಡಿ ಹೇಳುವುದು ನಿಜ, ಆದರೆ ಉತ್ಪ್ರೇಕ್ಷಾಲಂಕಾರ ಒಂದನ್ನು ಮತ್ತೊಂದೆಂದು ಕಲ್ಪಿಸಿ ಹೇಳುವುದು. ಹೈಪರ್‌ಬೊಲಿಗೆ ಹತ್ತಿರದ್ದು ಅತಿಶಯೋಕ್ತಿ. ಇದನ್ನು ಬೆರೆಸಿದರೆ ಮಗು ಕನ್ನಡದಲ್ಲೂ ಅಂಕ ಕಳೆದುಕೊಳ್ಳುತ್ತದೆ.

ಅಲಿಟರೇಷನ್ (ಒಂದೇ ಸದ್ದಿನಿಂದ ಶುರುವಾಗುವ ಪದಗಳು) ಮತ್ತು ರೈಮ್‌ಗೆ (ಪ್ರಾಸ) ನನ್ನ ಕೈಯಲ್ಲಿರುವ ಒಳ್ಳೆಯ ಉಪಕರಣ ನಮ್ಮ ಲಿಪಿ. ಇಂಗ್ಲಿಷ್ ಕಾಗುಣಿತ ಮೋಸ ಮಾಡುತ್ತದೆ, ಕನ್ನಡ ಲಿಪಿ ಕಿವಿಗೆ ಕೇಳಿದ್ದನ್ನು ಬರೆಯುತ್ತದೆ. ‘ಕಿಂಗ್’, ‘ನೈಫ್’ ಎರಡೂ ಇಂಗ್ಲಿಷಿನಲ್ಲಿ ಕೆ ಅಕ್ಷರದಿಂದ ಶುರುವಾಗುತ್ತವೆ. ಕನ್ನಡದಲ್ಲಿ ಬರೆದ ತಕ್ಷಣ ಒಂದು ಕ, ಇನ್ನೊಂದು ನ. ‘ಫೋನ್’, ‘ಫ್ರೆಂಡ್’ ಅಕ್ಷರ ಬೇರೆ, ಸದ್ದು ಒಂದೇ. ರೈಮ್ ಸ್ಕೀಮ್, ಅಂದರೆ ಯಾವ ಸಾಲು ಯಾವುದರೊಡನೆ ಪ್ರಾಸ ಕೂಡುತ್ತದೆ ಎಂಬುದನ್ನು, ಗುರುತಿಸುವಾಗಲೂ ಸಾಲುಗಳ ಕೊನೆಯ ಪದಗಳನ್ನು ಕನ್ನಡದಲ್ಲಿ ಬರೆಸಿ, ಆಮೇಲೆ ಎ, ಬಿ ಹಾಕಿಸುತ್ತೇನೆ. ‘ಕಮ್–ಸಮ್’ ಕೂಡುತ್ತದೆ, ‘ಕಮ್–ಹೋಮ್’ ಕೂಡುವುದಿಲ್ಲ. ಒಂದು ಎಚ್ಚರಿಕೆ: ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಬರುತ್ತದೆ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಕಗ್ಗದಲ್ಲಿ ಅದೇ ಕ್ರಮ. ಕಗ್ಗ ಬಾಯಿಪಾಠ ಮಾಡಿದ ಮಕ್ಕಳು ಇಂಗ್ಲಿಷ್ ಪದ್ಯದಲ್ಲೂ ಸಾಲಿನ ಮೊದಲ ಭಾಗವನ್ನೇ ನೋಡುತ್ತಾರೆ. ಇಂಗ್ಲಿಷ್ ರೈಮ್ ಸ್ಕೀಮಿಗೆ ಸಾಲಿನ ಕೊನೆ ನೋಡಬೇಕು ಎಂದು ಬಾಯಿಬಿಟ್ಟು ಹೇಳಲೇಬೇಕು.

ವ್ಯಾಕರಣದಲ್ಲಿ ಎಂಟರಲ್ಲಿ ಮೂರು ಪೀರಿಯಡ್ ರಿಪೋರ್ಟೆಡ್ ಸ್ಪೀಚ್‌ಗೇ (ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ತಿಳಿಸುವುದು) ಹೋಗುತ್ತದೆ, ಹೋಗಬೇಕು ಕೂಡ. ಕಾರಣ ನಮ್ಮ ‘ಅಂತ’. ‘ನಾನು ನಾಳೆ ಸಂತೆಗೆ ಹೋಗ್ತೀನಿ ಅಂತ ಅಮ್ಮ ಹೇಳಿದಳು’ ಅನ್ನುವಾಗ ಕನ್ನಡದಲ್ಲಿ ಅಮ್ಮನ ಮಾತು ಹಾಗೆಹಾಗೇ ಉಳಿಯುತ್ತದೆ. ‘ನಾನು’ ಬದಲಾಗದು, ಕಾಲ ಬದಲಾಗದು, ‘ನಾಳೆ’ಯೂ ಬದಲಾಗದು. ಈ ಭಾಗದ ಎಷ್ಟೋ ಮನೆಗಳಲ್ಲಿ ಆಡುವ ತೆಲುಗಿನ ‘ಅನಿ’ಯೂ ಹಾಗೆಯೇ. ಆದ್ದರಿಂದ ಮಗು ‘ಮದರ್ ಸೆಡ್ ದಟ್ ಐ ವಿಲ್ ಗೋ ಟು ದಿ ಮಾರ್ಕೆಟ್ ಟುಮಾರೋ’ ಎಂದು ಬರೆಯುತ್ತದೆ. ಇಂಗ್ಲಿಷಿನಲ್ಲಿ ಇದರ ಅರ್ಥ ಸಂತೆಗೆ ಹೋಗುವುದು ಮಗುವೇ ಎಂದು. ‘ಹಾಗಾದರೆ ಹೋಗುವವರು ಯಾರು?’ ಎಂದು ಕೇಳಿದರೆ ತರಗತಿಗೇ ತಪ್ಪು ಕಾಣುತ್ತದೆ.

ತಿದ್ದುವ ಕ್ರಮ ಮುಖ್ಯ: ಮೊದಲು ವ್ಯಕ್ತಿ, ಆಮೇಲೆ ಕ್ರಿಯಾಪದ, ಕೊನೆಗೆ ಸಮಯದ ಪದ. ಐ ಹೋಗಿ ಷಿ, ವಿಲ್ ಹೋಗಿ ವುಡ್, ಟುಮಾರೋ ಹೋಗಿ ದಿ ನೆಕ್ಸ್ಟ್ ಡೇ. ‘ಮದರ್ ಸೆಡ್ ದಟ್ ಷಿ ವುಡ್ ಗೋ ಟು ದಿ ಮಾರ್ಕೆಟ್ ದಿ ನೆಕ್ಸ್ಟ್ ಡೇ.’ ಕ್ರಿಯಾಪದವನ್ನು ಮೊದಲು ಮುಟ್ಟಿದವರು ‘ಐ ವುಡ್’ ಎಂದು ಬರೆದು ಅಲ್ಲೇ ನಿಲ್ಲುತ್ತಾರೆ. ಅದಕ್ಕೆ ಮೂರು ಬಣ್ಣದ ಸೀಮೆಸುಣ್ಣ ಬಳಸುತ್ತೇನೆ. ಮೂರೂ ಬಣ್ಣ ಬಂದಿವೆಯೇ ಎಂದು ಮಕ್ಕಳೇ ಎಣಿಸುತ್ತಾರೆ.

ಪ್ರಶ್ನೆಗಳಿಗೆ ಇನ್ನೊಂದು ಹೆಜ್ಜೆ ಇದೆ. ‘ಊಟ ಆಯ್ತಾ ಅಂತ ಕೇಳಿದಳು’ ಎಂಬಲ್ಲಿ ‘ಆಯ್ತಾ’ದ ಕೊನೆಯ ಆ ಕಂಡರೆ ಇಂಗ್ಲಿಷಿನಲ್ಲಿ ‘ಇಫ್’. ಎಲ್ಲಿ, ಯಾಕೆ, ಯಾವಾಗ ಇದ್ದರೆ ಇಫ್ ಬೇಡ, ಆ ಪ್ರಶ್ನೆಪದವೇ ಸಾಕು. ಎರಡರಲ್ಲೂ ಪ್ರಶ್ನೆಯ ಪದಕ್ರಮ ಬಿಡಬೇಕು: ‘ವೇರ್ ಡು ಯು ಲಿವ್’ ಇದ್ದದ್ದು ‘ಷಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್’ ಆಗುತ್ತದೆ. ‘ವೇರ್ ಡಿಡ್ ಐ ಲಿವ್’ ಎಂದು ಬರೆಯುವುದು ಅತಿ ಸಾಮಾನ್ಯ ತಪ್ಪು.

ಕ್ವೆಶ್ಚನ್ ಟ್ಯಾಗ್, ಅಂದರೆ ವಾಕ್ಯದ ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆ, ಅದರ ತೊಂದರೆಯೂ ಇದೇ ಮೂಲದ್ದು. ಕನ್ನಡಕ್ಕೆ ಒಂದೇ ‘ಅಲ್ವಾ’, ತೆಲುಗಿಗೆ ಒಂದೇ ‘ಕದಾ’, ಹಾಗಾಗಿ ಎಲ್ಲಕ್ಕೂ ‘ಈಸಂಟ್ ಇಟ್’. ಸಹಾಯಕ ಕ್ರಿಯಾಪದ ಹುಡುಕು, ಹೌದನ್ನು ಇಲ್ಲ ಮಾಡು, ಇಲ್ಲವನ್ನು ಹೌದು ಮಾಡು, ಸರ್ವನಾಮ ಹಾಕು. ಸಹಾಯಕ ಕಾಣದಿದ್ದರೆ ಡು, ಡಸ್ ಅಥವಾ ಡಿಡ್ ಅಡಗಿದೆ ಎಂದು ತಿಳಿಯಬೇಕು. ‘ಹಾರ್ಡ್ಲಿ’, ‘ನೆವರ್’ ಇರುವ ವಾಕ್ಯ ನೋಡಲು ‘ಹೌದು’ ವಾಕ್ಯದಂತೆ ಕಂಡರೂ ಅರ್ಥದಲ್ಲಿ ಅದು ‘ಇಲ್ಲ’ ವಾಕ್ಯವೇ: ‘ಹಿ ಹಾರ್ಡ್ಲಿ ಸ್ಪೀಕ್ಸ್, ಡಸ್ ಹಿ?’ ‘ಹೀಸ್’ ಬಂದರೆ ಮುಂದಿನ ಕ್ರಿಯಾಪದ ನೋಡಿ. ‘ಹೀಸ್ ಕಮಿಂಗ್’ ಆದರೆ ಈಸ್, ‘ಹೀಸ್ ಟೇಕನ್ ಮೈ ಪೆನ್’ ಆದರೆ ಹ್ಯಾಸ್.

ಆರ್ಟಿಕಲ್‌ಗೆ (ನಾಮಪದದ ಮುಂದೆ ಬರುವ ಎ, ಆನ್) ಮತ್ತೆ ಲಿಪಿಯೇ ದಾರಿ. ‘ಅವರ್’ (ಗಂಟೆ) ಸ್ವರದಿಂದ ಶುರು, ಆದ್ದರಿಂದ ಆನ್. ‘ಯೂನಿವರ್ಸಿಟಿ’ ಯಕಾರದಿಂದ ಶುರು, ಆದ್ದರಿಂದ ಎ. ಆದರೆ ನಮ್ಮ ನಾಲಗೆ ‘ಎ’ ಸ್ವರದ ಮುಂದೆ ಒಂದು ಯ ಸೇರಿಸಿ ‘ಯೆಮ್ಮೆಲ್ಲೆ’ ಅನ್ನುತ್ತದೆ, ಮಗು ಅದನ್ನೇ ನಂಬಿ, ‘ಆನ್’ ಬೇಕಾದ ಎಂ.ಎಲ್.ಎ. ಮುಂದೆ ‘ಎ’ ಹಾಕುತ್ತದೆ. ಬರೆಸುವ ಮುಂಚೆ ಉಚ್ಚಾರ ತಿದ್ದಬೇಕು, ಇಲ್ಲದಿದ್ದರೆ ಈ ಉಪಾಯ ತಿರುಗಿ ಬೀಳುತ್ತದೆ.

ಪ್ಯಾಸಿವ್ ವಾಯ್ಸ್‌ಗೆ (ಕರ್ಮಣಿ ಪ್ರಯೋಗ) ಒಂದು ಪೀರಿಯಡ್ ಸಾಕು. ‘ರಾಗಿ ಗ್ರೋನ್ ಇನ್ ಕೋಲಾರ್’ ಎಂದು ‘ಈಸ್’ ನುಂಗುವುದೊಂದೇ ದೊಡ್ಡ ತಪ್ಪು.

ಪ್ರತಿ ಪೀರಿಯಡ್‌ನ ಕೊನೆಯ ಹತ್ತು ನಿಮಿಷ ಹತ್ತು ವಾಕ್ಯದ ಪರೀಕ್ಷೆ. ತಪ್ಪಾದ ವಾಕ್ಯವನ್ನು ಮೂರು ಕಾಲಂ ಪುಸ್ತಕಕ್ಕೆ ಏರಿಸಬೇಕು: ನಾನು ಬರೆದದ್ದು, ಸರಿಯಾದದ್ದು, ಯಾವ ಕನ್ನಡ ಮಾತು ದಾರಿ ತಪ್ಪಿಸಿತು. ಆ ವಾಕ್ಯಗಳನ್ನೇ ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಒಮ್ಮೆ ಮತ್ತೆ ಕೊಡುತ್ತೇನೆ, ಹೊಸವನ್ನಲ್ಲ. ಪದ್ಯದ ಪ್ರಶ್ನೆಗೆ ‘ಸಿಮಿಲಿ’ ಎಂದಷ್ಟೇ ಬರೆದು ಬಿಡಲು ಬಿಡುವುದಿಲ್ಲ: ಹೆಸರು, ಪದ್ಯದಿಂದ ಎತ್ತಿದ ಪದಗಳು, ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂಬುದು, ಈ ಮೂರೂ ಒಂದೇ ವಾಕ್ಯದಲ್ಲಿ ಇರಬೇಕು.